ಯಾವ ಹನ್ನೊಂದು ಗಂಟೆ

ಶನಿವಾರ ಬೆಳಿಗ್ಗೆ ಹನ್ನೊಂದಾಯಿತೆಂದರೆ ಮಿಸ್ ವರ್ಲೀನ್ ಹಗಿನ್ಸ್ ಕಾಫಿ ಡಬ್ಬಿಯ ಮುಚ್ಚಳ ಹಾಕಿ, ಅದರ ಸುತ್ತ ಟೇಪು ಅಂಟಿಸಿ, ಆ ಹೊತ್ತಿಗೆ ತಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರಿರುತ್ತಾರೋ ಅವರ ಕೈಲಿ ಟೇಪಿನ ಮೇಲೆ ಸಹಿ ಮಾಡಿಸುತ್ತಿದ್ದರು. ಮೊಳೆ ಕೊಳ್ಳಲು ಬಂದ ಪರವೂರಿನವನಾದರೂ ಆದೀತು. ಆಮೇಲೆ ಯಾರು ಬಂದು ಬಾಗಿಲು ಬಡಿದರೂ ಡಬ್ಬಿ ಬಿಚ್ಚುವ ಮಾತೇ ಇಲ್ಲ. ಒಂದು ವರ್ಷ ಚರ್ಚಿನ ಪಾದ್ರಿ, ಮದುವೆ ಮಾಡಿಸಿ ಬರುವಷ್ಟರಲ್ಲಿ ಎರಡು ನಿಮಿಷ ತಡವಾಯಿತು ಎಂದು ಏದುಸಿರು ಬಿಡುತ್ತ ಓಡಿಬಂದಿದ್ದರು. ಮಿಸ್ ವರ್ಲೀನ್ ಅವರಿಗೆ ಕುರ್ಚಿ ಹಾಕಿ, ತಣ್ಣನೆಯ ಸಿಹಿ ಟೀ ಕೊಟ್ಟು, ಮದುಮಗಳ ಉಡುಪು ಹೇಗಿತ್ತೆಂದು ಕೇಳಿ, ಚೀಟಿಯನ್ನು ಅವರ ಜೇಬಿಗೇ ವಾಪಸು ಹಾಕಿ ಕಳಿಸಿದ್ದರು.

ಆ ಡಬ್ಬಿಗೆ ಮೂವತ್ತೊಂದು ವರ್ಷ. ಟಾರ್ವರ್ ಶೋಲ್ಸ್ ಊರಿನ ನಲವತ್ತು ನಲವತ್ತೈದು ಮಂದಿ ವಾರವಾರವೂ ಅದಕ್ಕೆ ಚೀಟಿ ಹಾಕುವವರು. ಚೀಟಿಯಲ್ಲಿ ಆ ಶನಿವಾರದ ಹತ್ತು ಕಾಲೇಜು ಫುಟ್‌ಬಾಲ್ ಪಂದ್ಯಗಳ ಹೆಸರು, ಕೈಯಲ್ಲಿ ಚೆಂಡು ಹಿಡಿದು ಆಡುವ ಅಮೆರಿಕದ ಫುಟ್‌ಬಾಲ್. ಗೆಲ್ಲುತ್ತಾರೆ ಅನ್ನಿಸಿದವರಿಗೆ ಸುತ್ತು ಹಾಕುವುದು, ಅಷ್ಟೇ ಆಟ. ಹದಿಮೂರು ಶನಿವಾರ ಕಳೆದ ಮೇಲೆ ಯಾರದು ಹೆಚ್ಚು ಸರಿಯೋ ಅವರಿಗೆ ಒಂದು ಇಟ್ಟಿಗೆ. ಹಳೇ ಬಟ್ಟೆ ಮಿಲ್ಲಿನ ಚಿಮಣಿ ಕೆಡವಿದಾಗ ಎತ್ತಿಟ್ಟುಕೊಂಡದ್ದು. ಅರ್ಧಕ್ಕೆ ಕೆಂಪು ಬಣ್ಣ, ಅರ್ಧಕ್ಕೆ ಕಿತ್ತಳೆ ಬಣ್ಣ. ಅದರ ಮೇಲೆ ಹೆಸರು ಬರೆಸಿಕೊಂಡು, ರಸ್ತೆಗೆ ಕಾಣುವ ಹಾಗೆ ಒಂದು ವರ್ಷ ಕಿಟಕಿಯಲ್ಲಿ ಇಟ್ಟುಕೊಳ್ಳಬಹುದು. ಎಲ್ಲರಿಗಿಂತ ಕೊನೆಗೆ ನಿಂತವರು ಊರಿಗೆಲ್ಲ ಮೀನು ಕರಿದು ಹಾಕಬೇಕು. ಇದರಲ್ಲಿ ದುಡ್ಡಿನ ಸೋಂಕಿಲ್ಲ. ಒಂದು ಸಲ ಯಾರೋ ತಲೆಗೆ ಐದೈದು ಡಾಲರ್ ಹಾಕೋಣ ಎಂದದ್ದಕ್ಕೆ ಮಿಸ್ ವರ್ಲೀನ್, "ದುಡ್ಡು ಬಂದ್ರೆ ನಗು ಹೋಗತ್ತೆ. ನನಗೆ ನಗು ಬೇಕು," ಎಂದು ಅಲ್ಲಿಗೇ ಮುಗಿಸಿದ್ದರು.

ಆ ಇಟ್ಟಿಗೆಯ ಮೇಲೆ ಹಾಯ್ಟ್ ಲೆಡ್‌ಬೆಟರ್‌ಗೆ ಇದ್ದಷ್ಟು ಆಸೆ ಇನ್ನಾರಿಗೂ ಇರಲಿಲ್ಲ. ಅವನು ಆ ಚಿಮಣಿಯ ಕೆಳಗೆ ಹದಿನೆಂಟು ವರ್ಷ ಮಗ್ಗ ರಿಪೇರಿ ಮಾಡಿದವನು. ಈಗ ಅರವತ್ತೊಂಬತ್ತು. ನಾಲ್ಕು ಸಲ ಎರಡನೆಯವನಾಗಿದ್ದ. ಮುಂದಿನ ಕೋಣೆಯ ಕಿಟಕಿಯಲ್ಲಿ ಜಾಗವನ್ನೂ ಮಾಡಿಟ್ಟಿದ್ದ. ಅಲ್ಲಿ ಹೆಂಡತಿ ಹೂಕುಂಡ ಇಟ್ಟಾಗಲೆಲ್ಲ ಸದ್ದಿಲ್ಲದೆ ಪಕ್ಕಕ್ಕೆ ಸರಿಸುತ್ತಿದ್ದ.

ಆ ವರ್ಷ ಹನ್ನೆರಡು ಶನಿವಾರ ಕಳೆಯುವ ಹೊತ್ತಿಗೆ ಅವನೂ ಶಾಲಾ ಬಸ್ಸಿನ ಡ್ರೈವರ್ ಡಾರ್ನೆಲ್ ಯಾನ್ಸಿಯೂ ಸಮಸಮ. ಉಳಿದವರೆಲ್ಲ ಬಹಳ ಹಿಂದೆ. ಡಾರ್ನೆಲ್ ಅವನಿಗೆ ಮಿಲ್ಲಿನ ಕಾಲದ ಗೆಳೆಯ, ಬಾಯಿಗೆ ಬೀಗವಿಲ್ಲದವನು.

"ಹಾಯ್ಟ್, ನಿನ್ನ ಕಿಟಕಿ ಒರೆಸಬೇಡ, ಸುಮ್ನೆ ಸುಸ್ತಾಗ್ತೀಯ," ಎಂದು ಬಸ್ಸು ನಿಲ್ಲಿಸಿ ಕೂಗುತ್ತಿದ್ದ. "ಐದನೇ ಸಲ ಎರಡನೆಯವನಾದ್ರೆ ಮಿಸ್ ವರ್ಲೀನ್ ನಿನಗೆ ಅರ್ಧ ಇಟ್ಟಿಗೆ ಕೊಡ್ತಾರಂತೆ!"

"ನಿನ್ನ ತಲೇಲಿರೋದೇ ಸಾಕಲ್ಲ, ಅದನ್ನೇ ಕೊಡು," ಎನ್ನುತ್ತಿದ್ದ ಹಾಯ್ಟ್.

ಕೊನೆಯ ಶನಿವಾರ ಬಂದದ್ದು ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದು ಎರಡನೇ ದಿನ. ಅವತ್ತೇ ರಾಜ್ಯದ ಎರಡು ದೊಡ್ಡ ಕಾಲೇಜುಗಳ ಪಂದ್ಯ, ಕೆಂಪು ಅಂಗಿಯವರಿಗೂ ಕಿತ್ತಳೆ ಅಂಗಿಯವರಿಗೂ. ಆಲಬಾಮಾದಲ್ಲಿ ಹುಟ್ಟಿದ ಮೇಲೆ ಒಂದೋ ಕೆಂಪು, ಇಲ್ಲ ಕಿತ್ತಳೆ. ಸಂಬಂಧ ಕುದುರಿಸುವಾಗಲೂ ಕೇಳಿಕೊಳ್ಳುವ ವಿಷಯ ಅದು. ಹಾಯ್ಟ್ ಕೆಂಪು, ಡಾರ್ನೆಲ್ ಕೆಂಪು. ಮಿಸ್ ವರ್ಲೀನ್ ಯಾವ ಕಡೆ ಎಂಬುದು ಮಾತ್ರ ಮೂವತ್ತೊಂದು ವರ್ಷದಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಆಟದ ಕಾಲ ಶುರುವಾದರೆ ಮುಗಿಯುವ ತನಕ ಅವರು ಬೂದು ಬಣ್ಣದ ಸ್ವೆಟರ್ ಬಿಟ್ಟು ಬೇರೆ ತೊಡುತ್ತಿರಲಿಲ್ಲ. ತಾವು ಚೀಟಿಯನ್ನೂ ಹಾಕುತ್ತಿರಲಿಲ್ಲ. ಕಣ್ಣು ಕಾಣದವರಿಗೆ ಫೋನಿನಲ್ಲಿ ಹತ್ತೂ ಪಂದ್ಯ ಓದಿ ಹೇಳಿ, ಅವರು ಹೇಳಿದಂತೆ ಸುತ್ತು ಹಾಕಿ, ಮತ್ತೆ ಓದಿ ಹೇಳುತ್ತಿದ್ದರು. ಹತ್ತಕ್ಕೆ ಹತ್ತೂ ತಪ್ಪಿದವರಿಗೆ ಸೋಮವಾರ ಮೊದಲ ಫೋನು ಅವರದೇ.

ಆ ವಾರವೇ ಅಂಗಡಿಯಲ್ಲಿ ನೀರಿನ ಪೈಪು ಒಡೆಯಿತು. ನೆಲದ ಹಲಗೆಗಳನ್ನೆಲ್ಲ ಎಬ್ಬಿಸಿ ಬಾಗಿಲು ಹಾಕಬೇಕಾಯಿತು. ಮಿಸ್ ವರ್ಲೀನ್ ಡಬ್ಬಿಯನ್ನು ಆರು ಮೈಲಿ ಪಶ್ಚಿಮಕ್ಕೆ, ಗುಡ್ಡದ ಮೇಲೆ ದನದ ಮೇವು ಮಾರುವ ತಮ್ಮ ಚಿಕ್ಕಪ್ಪನ ಮಗ ಆಲ್ಟನ್‌ನ ಅಂಗಡಿಗೆ ಕಳಿಸಿ, ಚೀಟಿಯ ಕೆಳಗೆ ಬರೆದರು: "ಈ ವಾರ ಡಬ್ಬಿ ಆಲ್ಟನ್ ಹತ್ತಿರ. ಎಂದಿನಂತೆ ಹನ್ನೊಂದಕ್ಕೆ ಮುಚ್ಚಲಾಗುವುದು."

ತಪ್ಪಾದದ್ದು ಅಲ್ಲಿ. ಕಾನೂನಿನ ಪ್ರಕಾರ ಆಲಬಾಮಾದ ಗಡಿಯಾರ ಪಕ್ಕದ ಜಾರ್ಜಿಯಾ ರಾಜ್ಯದ ಗಡಿಯಾರಕ್ಕಿಂತ ಒಂದು ಗಂಟೆ ಹಿಂದೆ. ಆದರೆ ಟಾರ್ವರ್ ಶೋಲ್ಸ್ ಇರುವುದು ಹೊಳೆಯ ಈ ದಡದಲ್ಲಿ, ಆ ದಡದಲ್ಲಿ ಜಾರ್ಜಿಯಾ. ಮಿಲ್ಲಿನ ಮಾಲೀಕರು ಆ ಕಡೆಯವರಾದ್ದರಿಂದ ಅಜ್ಜಂದಿರ ಕಾಲದಿಂದಲೂ ಊರು ಏಳುವುದು, ಉಣ್ಣುವುದು, ಮಲಗುವುದು ಜಾರ್ಜಿಯಾದ ಗಂಟೆಗೆ. ಅದಕ್ಕೆ ಬೇಗದ ಟೈಮು ಎಂದು ಹೆಸರು. ಗುಡ್ಡ ಹತ್ತಿದರೆ ನಿಧಾನದ ಟೈಮು. ಮಿಲ್ಲು ಮುಚ್ಚಿತು, ಚಿಮಣಿ ಬಿತ್ತು, ಗಂಟೆ ಮಾತ್ರ ಹಾಗೇ ಉಳಿಯಿತು. ಗುಡ್ಡದವರ ಜೊತೆ ಏನೇ ಗೊತ್ತು ಮಾಡಿಕೊಳ್ಳುವಾಗಲೂ "ಯಾವ ಟೈಮು?" ಎಂದು ಕೇಳುವುದು ಊರಿನ ಮಕ್ಕಳಿಗೂ ಗೊತ್ತು. ಮಿಸ್ ವರ್ಲೀನ್ ಅದನ್ನೇ ಮರೆತಿದ್ದರು.

ಶನಿವಾರ ಹಾಯ್ಟ್‌ನ ಟ್ರಕ್ಕು ಚಳಿಗೆ ಹಟ ಹಿಡಿಯಿತು. ಅದನ್ನು ಒಲಿಸಿಕೊಳ್ಳುವಷ್ಟರಲ್ಲಿ ಅಡುಗೆಮನೆಯ ಗಡಿಯಾರ ಹನ್ನೊಂದು ದಾಟಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತಡ, ಅದೂ ಇವತ್ತು. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತ. ರೇಡಿಯೋ ತನ್ನ ಪಾಡಿಗೆ ಮಾತಾಡುತ್ತಿತ್ತು: ಕೆಂಪಿನವರ ಚೆಂಡು ಎಸೆಯುವ ಆಟಗಾರ, ಇಡೀ ತಂಡದ ಬೆನ್ನುಮೂಳೆ, ಬೆಳಗಿನ ತಾಲೀಮಿನಲ್ಲಿ ಮಂಡಿ ತಿರುಚಿಕೊಂಡಿದ್ದಾನೆ, ಇವತ್ತು ಆಡುವುದಿಲ್ಲ.

ಹಾಯ್ಟ್ ತಲೆ ಎತ್ತಿದ. ಆಲ್ಟನ್‌ನ ಗುಡ್ಡದ ಮೇಲೆ ಈಗಿನ್ನೂ ಹತ್ತು ದಾಟಿತ್ತಷ್ಟೇ.

ಜೇಬಿನಿಂದ ಚೀಟಿ ತೆಗೆದ. ಹಿಂದಿನ ದಿನವೇ ಕೆಂಪಿಗೆ ಸುತ್ತು ಹಾಕಿಟ್ಟಿದ್ದ, ಹುಟ್ಟಿದಾಗಿನಿಂದ ಹಾಕಿದ ಹಾಗೆ. ಮಂಡಿಯ ಮೇಲಿಟ್ಟುಕೊಂಡು ಅದನ್ನು ಹೊಡೆದು ಹಾಕಿ ಕಿತ್ತಳೆಗೆ ಸುತ್ತು ಹಾಕಿದ. ಕೈ ಯಾರದೋ ಅನ್ನಿಸಿತು.

ಮೇವಿನ ಅಂಗಡಿಯಲ್ಲಿ ಆಲ್ಟನ್ ಕನ್ನಡಕದ ಮೇಲಿಂದ ನೋಡಿದ. "ನಿಮ್ಮೂರಿನವರೆಲ್ಲ ಬಂದು ಹೋಗಿ ಅರ್ಧ ಗಂಟೆ ಆಯ್ತಲ್ಲೋ. ದಾರಿ ತಪ್ಪಿತ್ತಾ?"

"ಟ್ರಕ್ಕು ಮುನಿಸಿಕೊಂಡಿತ್ತು."

"ಇನ್ನೂ ಟೈಮಿದೆ ಬಿಡು," ಎಂದು ಆಲ್ಟನ್ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ 10:22 ಎಂದು ಬರೆದು ಡಬ್ಬಿಗೆ ಹಾಕಿದ. ಅವನ ಅಂಗಡಿಗೆ ಯಾವ ಕಾಗದ ಬಂದರೂ ಹಿಂದೆ ಗಂಟೆ ಬರೆಯುವುದು ಅವನ ಚಾಳಿ.

ಕಿತ್ತಳೆಯವರು ಗೆದ್ದರು. ಉಳಿದ ಒಂಬತ್ತರಲ್ಲಿ ಅವನದೂ, ತನ್ನ ಚೀಟಿಯನ್ನು ಊರಿಗೆಲ್ಲ ಸಾರಿಕೊಂಡಿದ್ದ ಡಾರ್ನೆಲ್‌ನದೂ ಮತ್ತೆ ಸಮ ಎಂಬುದನ್ನು ಹಾಯ್ಟ್ ಬೆರಳಿನಲ್ಲೇ ಲೆಕ್ಕ ಹಾಕಿದ. ತಾನು ಗೆದ್ದಿದ್ದ, ತನ್ನವರು ಸೋತಿದ್ದರು. ಹೆಂಡತಿಯ ಎದುರು ಯಾವ ಮುಖ ಮಾಡಬೇಕೆಂದು ತಿಳಿಯದೆ ಸೌದೆ ತರುತ್ತೇನೆಂದು ಹೊರಗೆ ಹೋದ.

ಸೋಮವಾರ ಅಂಗಡಿಯ ಹಲಗೆಗಳು ಮತ್ತೆ ಕೂತಿದ್ದವು. ಅಂಕಗಳನ್ನು ಕೇಳಲು ಎಂದಿನ ಗುಂಪು ಸೇರಿತ್ತು. ಮಿಸ್ ವರ್ಲೀನ್ ಕಾಗದ ಬಿಚ್ಚಲಿಲ್ಲ.

"ಈ ಸಲ ಮೊದಲು ನನ್ನ ತಪ್ಪು ಓದ್ತೀನಿ, ಆಮೇಲೆ ನಿಮ್ಮದು," ಎಂದರು. "ಹನ್ನೊಂದು ಅಂತ ಬರೆದೆ, ಯಾವ ಹನ್ನೊಂದು ಅಂತ ಬರೀಲಿಲ್ಲ. ಇಪ್ಪತ್ತೆರಡು ವರ್ಷ ಮಿಲ್ಲಿನ ಬಾಗಿಲಲ್ಲಿ ಕೂತು ನಿಮ್ಮ ಹಾಜರಿ ಕಾರ್ಡಿಗೆ ಗಂಟೆ ಒತ್ತಿದವಳು ನಾನು. ನಗೋರು ನಗಬಹುದು."

ನಕ್ಕರು. "ಹಾಗಾದ್ರೆ ಮೂರು ನಿಮಿಷ ತಡ ಅಂತ ನನ್ನನ್ನ ಗೇಟಿನಿಂದ ವಾಪಸ್ ಕಳಿಸಿದ್ರಲ್ಲ ಮಿಸ್ ವರ್ಲೀನ್, ಅದಕ್ಕೆ ಈಗ ಕ್ಷಮೆ ಕೇಳಿ!" ಎಂದ ಡಾರ್ನೆಲ್.

"ಮೂರಲ್ಲ, ಏಳು ನಿಮಿಷ. ಬಾಯಲ್ಲಿ ಬಿಸ್ಕತ್ತು ಬೇರೆ ಇತ್ತು." ನಗು ಇಳಿಯುವವರೆಗೂ ಕಾದು ಅವರು ಮುಂದುವರಿಸಿದರು. "ಒಂದು ಚೀಟಿ ನಿಧಾನದ ಟೈಮಿಗೆ ಬಂದಿದೆ. ನಾನು ಬರೆದಿರೋ ಪ್ರಕಾರ ಅದು ಸರಿಯಾಗೇ ಇದೆ, ಲೆಕ್ಕಕ್ಕೆ ತಗೋತೀನಿ. ಯಾರದು ಅಂತ ಕೇಳಬೇಡಿ. ಕೊನೇಲಿ ನಿಂತವನು ನಮ್ಮ ಆಲ್ಟನ್. ಆದರೆ ಮೀನು ಕರಿಯೋದು ನಾನು, ತಪ್ಪು ನನ್ನದಲ್ಲವಾ. ಗೆದ್ದವರ ಹೆಸರು ಶನಿವಾರ, ಮೀನಿನ ಊಟದಲ್ಲಿ ಹೇಳ್ತೀನಿ. ಇಟ್ಟಿಗೆಗೆ ಹೊಸ ಬಣ್ಣ ಬಳಿದಿದೀನಿ, ಒಣಗಲಿ."

ಅವರು ಹಾಯ್ಟ್ ಕಡೆ ನೋಡಲೂ ಇಲ್ಲ. ಅದೇ ಅವನಿಗೆ ಚುಚ್ಚಿತು.

ಮಂಗಳವಾರ ಹೋಗಿ ನಲ್ಲಿಗೆ ಒಂದು ವಾಷರ್ ಕೊಂಡ. ಮಿಸ್ ವರ್ಲೀನ್ ಚಳಿಯ ಬಗ್ಗೆ ಮಾತಾಡಿದರು. ಬುಧವಾರ ಇನ್ನೊಂದು ವಾಷರ್ ಕೊಂಡ. ಅವರು ಅವನ ಹೆಂಡತಿಯ ಮೊಣಕೈ ನೋವು ವಿಚಾರಿಸಿದರು. ಮಿಲ್ಲಿನಲ್ಲಿಯೂ ಹೀಗೆಯೇ ಇದ್ದರು ಎಂಬುದು ಅವನಿಗೆ ನೆನಪಾಯಿತು. ಯಾರಾದರೂ ಕೆಲಸಕ್ಕೆ ಬಾರದ ಗೆಳೆಯನ ಕಾರ್ಡನ್ನೂ ತನ್ನದರ ಜೊತೆ ಒತ್ತಿಸಿಬಿಟ್ಟರೆ ಮೇಲಿನವರಿಗೆ ಹೇಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಸಂಜೆ ಅವನು ಹೊರಗೆ ಹೋಗುವಾಗ ಕಿಟಕಿಯ ಬಳಿ ಒಂದು ಗಳಿಗೆ ಬಿಡುವಾಗಿ ಕೂತಿರುತ್ತಿದ್ದರು, ಅಷ್ಟೇ. ತಪ್ಪು ಮಾಡಿದವನು ತಾನೇ ಅಲ್ಲಿ ನಿಂತು ಹೇಳಿಕೊಳ್ಳುತ್ತಿದ್ದ.

ಗುರುವಾರ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಹಾಯ್ಟ್, ನಿಮ್ಮನೇಲಿ ಎಷ್ಟು ನಲ್ಲಿ ಇದೆಯಪ್ಪಾ?" ಎಂದರು.

"ಮಿಸ್ ವರ್ಲೀನ್, ಆ ಚೀಟಿ ನಂದು."

"ಗೊತ್ತು. ಚೀಟಿ ಮೇಲಿನ ನಿನ್ನ ಸಹಿ, ಕೋಳಿ ಕೆದಕಿದ ಹಾಗೇ ಕಾಣತ್ತೆ. ಮಿಲ್ಲಿನಿಂದ ಓದ್ತಾ ಇದೀನಿ."

"ರೇಡಿಯೋ ಕೇಳಿದ ಮೇಲೆ ತಿದ್ದಿದೆ. ಡಾರ್ನೆಲ್ ಹಾಕಿ ಬಂದಾಗ ಆ ಸುದ್ದಿ ಬಂದಿರಲಿಲ್ಲ. ನಲವತ್ತು ಜನ ಹಾಕಿದಾಗಲೂ ಬಂದಿರಲಿಲ್ಲ."

"ಚೀಟಿ ಮೇಲೆ ಹನ್ನೊಂದು ಅಂತಿತ್ತು. ಆಲ್ಟನ್ ಗಡಿಯಾರದಲ್ಲಿ ಹನ್ನೊಂದಾಗಿರಲಿಲ್ಲ."

"ನಾನು ಆಲ್ಟನ್ ಗಡಿಯಾರದಲ್ಲಿ ಬದುಕಲ್ಲ. ನನ್ನ ಅಡುಗೆಮನೇಲಿ ಹನ್ನೊಂದು ಆಗಿಹೋಗಿತ್ತು. ಅದು ತಡವಾದ ಚೀಟಿ, ತೆಗೆದುಹಾಕಿ."

ಮಿಸ್ ವರ್ಲೀನ್ ಮೇಜಿನ ಡ್ರಾಯರ್ ಎಳೆದು ಇಟ್ಟಿಗೆಯನ್ನು ಮೇಲಿಟ್ಟರು. ವರ್ಷ ಬರೆದಿತ್ತು. ಅದರ ಕೆಳಗೆ ಜಾಗ ಖಾಲಿ.

"ನಾನು ಬರದೇ ಇದ್ದಿದ್ರೆ?" ಎಂದು ಹಾಯ್ಟ್ ಕೇಳಿದ.

"ನಿನ್ನ ಹೆಸರು ಬರೀತಿದ್ದೆ. ಚೆನ್ನಾಗಿ, ದಪ್ಪ ಅಕ್ಷರದಲ್ಲಿ. ನಾನು ಬರೆದ ಮಾತು ಹಾಗಿತ್ತು, ಅದರಿಂದ ನಾನು ತಪ್ಪಿಸಿಕೊಳ್ಳೋ ಹಾಗಿರಲಿಲ್ಲ." ಕುಂಚವನ್ನು ಬಟ್ಟೆಗೆ ಒರೆಸಿದರು. "ಆದರೆ ಬರೆಯೋಕೆ ಅವಸರ ಏನೂ ಇರಲಿಲ್ಲ."

ಹಾಯ್ಟ್ ಇಟ್ಟಿಗೆಯನ್ನು ಒಮ್ಮೆ ಕೈಗೆ ತೆಗೆದುಕೊಂಡ. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಮತ್ತೆ ಅವರ ಮುಂದೆ ಇಟ್ಟ.

"ಡಾರ್ನೆಲ್‌ಗೆ ನಾನೇ ಹೇಳ್ತೀನಿ," ಎಂದ.

"ಊಟದ ಮುಂಚೆ ಹೇಳು. ಊಟದ ಮೇಲೆ ಹೇಳಿದ್ರೆ ಅವನು ಇಡೀ ರಾತ್ರಿ ಬಿಡಲ್ಲ."

ಶನಿವಾರ ಚರ್ಚಿನ ಹಿಂದಿನ ಅಂಗಳದಲ್ಲಿ ಎಪ್ಪತ್ತಾರರ ಮಿಸ್ ವರ್ಲೀನ್ ಬೂದು ಸ್ವೆಟರಿನ ತೋಳು ಮಡಚಿ ಎಣ್ಣೆಯ ಕಡಾಯಿಯ ಮುಂದೆ ನಿಂತಿದ್ದರು. ಪಕ್ಕದಲ್ಲಿ ಹಾಯ್ಟ್, ಯಾರೂ ಕರೆಯದಿದ್ದರೂ ಬಂದು, ಮೀನಿನ ತುಂಡುಗಳನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕೊಡುತ್ತಿದ್ದ. ಡಾರ್ನೆಲ್ ಬಂದಾಗ ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

ಡಾರ್ನೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ನೀನು ಕಿತ್ತಳೆಗೆ ಸುತ್ತು ಹಾಕಿದೆಯಾ?" ಎಂದ. "ನೀನು? ಕಿತ್ತಳೆಗೆ?"

"ಹಾಕಿದೆ."

"ತಡವಾಗಿ ಹಾಕಿದ್ದನ್ನ ನಾನು ಕ್ಷಮಿಸ್ತೀನಿ ಮಾರಾಯ. ಇದನ್ನ ದೇವರೇ ಕ್ಷಮಿಸಬೇಕು." ಆಮೇಲೆ ಹಿಟ್ಟು ಮೆತ್ತಿದ ಹಾಯ್ಟ್‌ನ ಕೈಯನ್ನೇ ಹಿಡಿದು ಕುಲುಕಿದ, ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು.

ಮುಂದಿನ ಆಟದ ಕಾಲಕ್ಕೆ ಚೀಟಿಯ ಕೆಳಗೆ "ಬೇಗದ ಟೈಮು" ಎಂಬ ಎರಡು ಪದ ಸೇರಿದವು. ಇಟ್ಟಿಗೆಯ ವಿಷಯದಲ್ಲಿ ಮಾತ್ರ ಸಣ್ಣ ತಕರಾರೊಂದು ಎದ್ದಿತು. ಡಾರ್ನೆಲ್ ಅದನ್ನು ಮನೆಗೆ ಒಯ್ಯದೆ ಶಾಲಾ ಬಸ್ಸಿನ ಮುಂದಿನ ಗಾಜಿನ ಒಳಗೆ ತಂತಿ ಕಟ್ಟಿ ಕೂರಿಸಿದ. ಕೇಳಿದ್ದಕ್ಕೆ, "ರಸ್ತೆಗೆ ಕಾಣೋ ಕಿಟಕಿ ಅಂತ ತಾನೇ ನಿಯಮ?" ಎಂದ. ಮಿಸ್ ವರ್ಲೀನ್ ಮೂವತ್ತೊಂದು ವರ್ಷದ ಕಾಗದಗಳನ್ನೆಲ್ಲ ತೆಗೆದು ನೋಡಿ, ಕಿಟಕಿ ಓಡಾಡಬಾರದು ಎಂದು ತಾವೆಲ್ಲೂ ಬರೆದಿಲ್ಲ ಎಂದು ತೀರ್ಪು ಕೊಟ್ಟರು.

ಹಾಗಾಗಿ ಇಡೀ ವರ್ಷ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಇಟ್ಟಿಗೆ ಹಾಯ್ಟ್‌ನ ಮನೆಯ ಮುಂದೆ ಹಾದುಹೋಗುತ್ತಿತ್ತು. ಅಲ್ಲಿಗೆ ಬಂದಾಗ ಬಸ್ಸು ನಿಧಾನವಾಗುತ್ತಿತ್ತು, ಎರಡು ಸಲ ಹಾರ್ನು ಹೊಡೆಯುತ್ತಿತ್ತು. ಹೆಂಡತಿಯ ಹೂಕುಂಡ ಈಗ ಕಿಟಕಿಯ ಆ ಜಾಗದಲ್ಲೇ ಇತ್ತು, ಹಾಯ್ಟ್ ಹೊರಗೆ ಬಂದು ಕೈ ಬೀಸುತ್ತಿದ್ದ. ಬೆಳಗಿನ ಬಸ್ಸು ಬರುವುದು ಏಳೂವರೆಗೆ, ಬೇಗದ ಟೈಮು.