ಪ್ರೊಸೆಸರ್‌ಗೆ ಹಚ್ಚಿದ ಗಂಧ

ಮಗಳನ್ನು ಧಾರೆ ಎರೆದು ಕೊಡುವಾಗ ಗೋತ್ರ ಹೋಗುತ್ತದೆ, ಮನೆತನದ ಹೆಸರು ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಡ್ಯಾರಿನ ಪಂಢರಿನಾಥರಾಯರ ಮನೆಯಲ್ಲಿ ಇನ್ನೊಂದೂ ಹೋಯಿತು. ಮಗಳು ತೃಪ್ತಿಗೆ ಕಂಪ್ಯೂಟರ್ ಬಿಚ್ಚಿ ಜೋಡಿಸುವ ವಿದ್ಯೆ ಬರುತ್ತಿತ್ತಲ್ಲ, ಅದು ಧಾರೆಯ ನೀರಿನ ಜೊತೆಗೇ ಅಳಿಯನ ಅಂಗೈಗೆ ಹರಿದುಹೋಯಿತು. ಹಾಗಂತ ರಾಯರೇನೂ ಬಾಯಿಬಿಟ್ಟು ಹೇಳಲಿಲ್ಲ. ಎರಡು ಸಾವಿರದ ಎರಡನೇ ಇಸವಿಯಲ್ಲಿ ಮಗಳು ಅಳಿಯ ಮದುವೆಯ ನಂತರದ ಮೊದಲ ದೀಪಾವಳಿಗೆ ಬಂದಾಗ, ಗಂಗಾಸ್ನಾನ ಮುಗಿಸಿ ಹೊಸ ಜರಿಪಂಚೆ ಉಟ್ಟು ಕೂತ ಅಳಿಯನ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು, ಅಷ್ಟೆ. ಒಳಗೆ ರಿಚ್ಚಿ ಸ್ಟ್ರೀಟಿನಿಂದ ಚೌಕಾಸಿ ಮಾಡಿ ತಂದ ಒಂದು ರ‍್ಯಾಮ್ ಪಟ್ಟಿ ಮತ್ತು ಪ್ರೊಸೆಸರ್ ಮೇಲೆ ಕೂರಿಸುವ ಒಂದು ಪುಟ್ಟ ಫ್ಯಾನ್ ಇದ್ದವು.

"ನಮ್ಮ ಕಂಪ್ಯೂಟರ್ ರೊಂಬ ಸ್ಲೋ ಆಗ್ಬಿಟ್ಟಿದೆ ಮಾಪಿಳ್ಳೆ. ಫ್ಯಾನ್ ಬೇರೆ ಒಂದೇ ಸಮ ಕೂಗತ್ತೆ, ವೆಟ್ ಗ್ರೈಂಡರ್ ಥರ. ನೀವು ಬರ್ತೀರಲ್ಲಾ ಅಂತ ಯಾರನ್ನೂ ಕರೀಲಿಲ್ಲ. ಮನೇಲೇ ಡಾಕ್ಟರ್ ಇರೋವಾಗ ಆಸ್ಪತ್ರೆಗೆ ಯಾಕೆ ಓಡಬೇಕು, ಹೇಳಿ."

ಅಳಿಯನನ್ನು ಮಾಪಿಳ್ಳೆ ಎಂದೇ ಕರೆಯುವಷ್ಟು ತಮಿಳು ಆ ಮನೆಯ ಕನ್ನಡದಲ್ಲಿ ಬೆರೆತಿತ್ತು. ಈ ಡಾಕ್ಟರ್ ಅಳಿಯ ಸುಜಯೀಂದ್ರನ ಮುಖವನ್ನು ಆಗ ನೋಡಬೇಕಿತ್ತು. ನಂಜನಗೂಡಿನ ಹುಡುಗ, ಪೆರುಂಗುಡಿಯ ಒಂದು ಕಂಪನಿಯಲ್ಲಿ ಕೆಲಸ. ಗಾಜಿನ ಕಟ್ಟಡ, ಕೊರಳಲ್ಲಿ ಪಟ್ಟಿ, ಪಟ್ಟಿಯಲ್ಲಿ ಫೋಟೋ, ಎಲ್ಲ ಸರಿ. ಆದರೆ ಅಲ್ಲಿ ಅವನು ಮಾಡುತ್ತಿದ್ದದ್ದು ಬೇರೆಯವರು ಬರೆದ ಸಾಫ್ಟ್‌ವೇರಿಗೆ ಕೈಪಿಡಿ ಬರೆಯುವ ಕೆಲಸ. ಅವನು ಅತಿ ಹೆಚ್ಚು ಸಲ ಬರೆದಿದ್ದ ವಾಕ್ಯವೆಂದರೆ "ತೊಂದರೆ ಮುಂದುವರಿದರೆ ತಜ್ಞರನ್ನು ಸಂಪರ್ಕಿಸಿ" ಎಂಬುದು. ಸ್ಕ್ರೂಡ್ರೈವರ್ ಹಿಡಿಯುವ ತುದಿ ಯಾವುದು, ತಿರುಗಿಸುವ ತುದಿ ಯಾವುದು ಎನ್ನುವುದರ ಆಚೆ ಅವನ ಪರಿಚಯ ಬೆಳೆದಿರಲಿಲ್ಲ.

ತಜ್ಞೆ ಪಕ್ಕದಲ್ಲೇ ನಿಂತು ಹಬ್ಬದ ತಿಂಡಿ ಜೀರ್ಣವಾಗಲೆಂದು ಕೊಡುವ ದೀಪಾವಳಿಯ ಲೇಹ್ಯ ನೆಕ್ಕುತ್ತಿದ್ದಳು. ತೃಪ್ತಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು, ಮದುವೆಗೆ ಮುಂಚೆ ಮೌಂಟ್ ರೋಡಿನ ಒಂದು ಸರ್ವೀಸ್ ಸೆಂಟರಿನಲ್ಲಿ ದಿನವೂ ಕ್ಯಾಬಿನೆಟ್ ಬಿಚ್ಚಿ ಧೂಳು ಕುಡಿದವಳು. ಈ ಮನೆಯ ಕಂಪ್ಯೂಟರನ್ನು ಬಿಡಿ ಭಾಗಗಳನ್ನು ತಂದು ಜೋಡಿಸಿದವಳೂ ಅವಳೇ. ಅಂದು ರಾಯರು ಬಂಧುಗಳಿಗೆಲ್ಲ "ಅಂಗಡಿಯವನು ಬಂದು ಮಾಡಿಕೊಟ್ಟ" ಎಂದೇ ಹೇಳಿದ್ದರು. ಹುಡುಗಿ ವೀಣೆ ಹಿಡಿಯುತ್ತಾಳೆ ಎಂದರೆ ಸಂಬಂಧ ಬರುತ್ತದೆ, ಸ್ಕ್ರೂಡ್ರೈವರ್ ಹಿಡಿಯುತ್ತಾಳೆ ಎಂದರೆ ಬರುತ್ತದೆಯೇ? ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ರಾಯರು ಗಿಡಕ್ಕೆ ಬಟ್ಟೆ ಮುಚ್ಚಿಯೂ ಇಟ್ಟಿದ್ದರು.

"ಅಪ್ಪಾ, ಕೊಡಿ ಇಲ್ಲಿ, ನಾನು ಮಾಡ್ತೀನಿ" ಎಂದಳು ತೃಪ್ತಿ.

"ಹಬ್ಬದ ದಿನ ನಿನಗೇನಮ್ಮ ಇದರಲ್ಲಿ ಕೆಲಸ? ಒಳಗೆ ಅಮ್ಮ ಒಬ್ಬಳೇ ಕಷ್ಟಪಡ್ತಿದಾಳೆ, ಹೋಗು. ಮಾಪಿಳ್ಳೆ ನೋಡ್ಕೋತಾರೆ."

ತೃಪ್ತಿ ಗಂಡನ ಮುಖ ನೋಡಿದಳು. ಅವಳಿಗೆ ಬೇಕಾಗಿದ್ದದ್ದು ರೇಷ್ಮೆ ಸೀರೆಯಲ್ಲ, ಬಳೆಯಲ್ಲ. "ಮಾವ, ಇದು ನನಗೆ ಬರೋಲ್ಲ, ಇವಳಿಗೆ ಬರುತ್ತೆ" ಎಂಬ ಒಂದೇ ಒಂದು ಮಾತು. ಅಪ್ಪನ ಎದುರಿಗೆ, ಜೋರಾಗಿ. ತಾನೇ ಹೇಳಿಕೊಂಡರೆ ಅದು ಜಂಬ, ಅಳಿಯ ಹೇಳಿದರೆ ವೇದವಾಕ್ಯ ಎಂಬುದು ಆ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಗೊತ್ತಿರದ್ದೇನಲ್ಲ. ತಿರುವಾನ್ಮಿಯೂರಿನ ತಮ್ಮ ಬಾಡಿಗೆ ಮನೆಯಲ್ಲಿ ಕಂಪ್ಯೂಟರ್ ಕೆಟ್ಟಾಗಲೆಲ್ಲ ಅವಳೇ ರಿಪೇರಿ ಮಾಡುತ್ತಿದ್ದಳು, ಆಗೆಲ್ಲ ಈ ಮಹಾನುಭಾವ "ನಿನ್ನ ಕೈಗೆ ಚಿನ್ನದ ಕಡಗ ತೊಡಿಸಬೇಕು ಕಣೇ" ಎನ್ನುತ್ತಿದ್ದ. ಈಗ ಕಡಗ ಬೇಡ, ಬಾಯಿ ತೆರೆದರೆ ಸಾಕಿತ್ತು. ಸುಜಯೀಂದ್ರ ಬಾಯಿ ತೆರೆದ.

"ಅದಕ್ಕೇನಂತೆ ಮಾವ, ಮಾಡೋಣ" ಎಂದ.

ತೃಪ್ತಿ ಅಡುಗೆಮನೆಗೆ ಹೋಗಿ ವಡೆ ಕರಿದಳು. ಎಣ್ಣೆಗಿಂತ ಅವಳ ಹೊಟ್ಟೆಯೇ ಹೆಚ್ಚು ಕಾದಿತ್ತು.

ಹಾಲಿನಲ್ಲಿ ಶಸ್ತ್ರಚಿಕಿತ್ಸೆ ಶುರುವಾಯಿತು. ನೋಡುವುದಕ್ಕೆಂದೇ ರಾಯರ ದೊಡ್ಡಪ್ಪನ ಮಗ ಕಿಟ್ಟಣ್ಣ ವಡಪಳನಿಯಿಂದ ಬಂದಿದ್ದ. ಕಿಟ್ಟಣ್ಣನ ಅಳಿಯ ಬ್ಯಾಂಕಿನವನು. ಅದನ್ನು ಅವನು ಇಷ್ಟು ವರ್ಷ ರಾಯರ ಮುಂದೆ ಮೆರೆಸಿದ್ದ, ಇವತ್ತು ತೀರಿಸಿಕೊಳ್ಳುವ ಸರದಿ ರಾಯರದು. ಸುಜಯೀಂದ್ರ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದ. ರ‍್ಯಾಮ್ ಪಟ್ಟಿಯನ್ನು ಹಿಂದುಮುಂದು ಮಾಡಿ ಒತ್ತಿದ. ಅದು ಒಂದೇ ಕಡೆಯಿಂದ ಕೂರುವ ಹಾಗೆ ಮಾಡಿದ ಪುಣ್ಯಾತ್ಮ ಯಾರೋ, ಕೊನೆಗೆ ಕೂತಿತು. ಆಮೇಲೆ ಫ್ಯಾನು. ನಾಲ್ಕು ಮೂಲೆಯ ಸ್ಕ್ರೂ ಬಿಚ್ಚಿದರೆ ಫ್ಯಾನ್ ಮಾತ್ರ ಕೈಗೆ ಬರುತ್ತಿತ್ತು. ಅಷ್ಟು ಸುಲಭದ ದಾರಿ ಹಿಡಿಯುವವನು ತಜ್ಞ ಹೇಗಾದಾನು? ಅವನು ಕೆಳಗಿನ ಕ್ಲಿಪ್ಪನ್ನೇ ಎಬ್ಬಿಸಿ, ಫ್ಯಾನನ್ನು ಹೊತ್ತಿದ್ದ ಅಲ್ಯೂಮಿನಿಯಂ ಗಟ್ಟಿಯನ್ನೂ ಕಿತ್ತ. ಪ್ರೊಸೆಸರ್ ಬೆತ್ತಲಾಯಿತು. ಅದರ ನೆತ್ತಿಯ ಮೇಲೆ ಬಿಳಿಯದೇನೋ ಮೆತ್ತಿಕೊಂಡಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಆಯುಧಪೂಜೆಯ ದಿನ ರಾಯರ ಹೆಂಡತಿ ಅಂಬುಜಮ್ಮ ಸಾಣೆಕಲ್ಲಿನಲ್ಲಿ ತೇದ ಗಂಧವನ್ನು ಮನೆಯ ಯಾವ ಯಂತ್ರಕ್ಕೂ ತಪ್ಪಿಸುವವರಲ್ಲ. ಮಾನಿಟರಿಗೆ, ಮಿಕ್ಸಿಗೆ, ಸ್ಟೇಪ್ಲರಿಗೆ, ಉಗುರು ಕತ್ತರಿಗೆ, ಎಲ್ಲಕ್ಕೂ ಗಂಧ, ಅದರ ಮೇಲೆ ಕುಂಕುಮ. ಕ್ಯಾಬಿನೆಟ್ಟಿನ ಮೇಲೆ ಅದರ ಗುರುತು ಇನ್ನೂ ಒಣಗಿ ನಿಂತಿತ್ತು. ಹೊರಗೆ ಹಚ್ಚಿದವರು ಒಳಗೂ ಹಚ್ಚಿರಬೇಕು ಎಂದು ಸುಜಯೀಂದ್ರ ಅಂದುಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಒದ್ದೆ ಬಟ್ಟೆ ತಂದು, ಬಿಳಿಯದನ್ನೆಲ್ಲ ಕನ್ನಡಿ ಹೊಳೆಯುವ ಹಾಗೆ ಒರೆಸಿ ತೆಗೆದ. ಹೊಸ ಫ್ಯಾನ್ ಸಿಕ್ಕಿಸಿ, ಗಟ್ಟಿಯನ್ನು ಮೊದಲಿನ ಜಾಗದಲ್ಲಿ ಕೂರಿಸಿದ.

ವಡೆಯ ತಟ್ಟೆ ಹಿಡಿದು ಬಂದ ತೃಪ್ತಿಯ ಕಣ್ಣು ಮೊದಲು ಹೋದದ್ದು ಬಟ್ಟೆಯ ಮೇಲೆ. "ಏನ್ರೀ ಒರೆಸಿದ್ರಿ?"

"ಗಂಧ ಕಣೇ. ನಿಮ್ಮಮ್ಮ ಒಳಗೂ ಹಚ್ಚಿಬಿಟ್ಟಿದ್ರು."

ಅದು ಪ್ರೊಸೆಸರಿನ ಕಾವನ್ನು ಮೇಲಿನ ಗಟ್ಟಿಗೆ ದಾಟಿಸಲೆಂದು ಅವಳೇ ತನ್ನ ಕೈಯಾರ ಹಚ್ಚಿದ್ದ ಪೇಸ್ಟು. ಅಷ್ಟರಲ್ಲಿ ಕಂಪ್ಯೂಟರ್ ಶುರುವಾಗಿ ಪರದೆ ಬೆಳಗಿತು, ಫ್ಯಾನು ಸದ್ದಿಲ್ಲದೆ ತಿರುಗಿತು. ರಾಯರು ಕಿಟ್ಟಣ್ಣನ ಕಡೆ ನೋಡಿದ ನೋಟಕ್ಕೆ ಬೆಲೆ ಕಟ್ಟುವಂತಿರಲಿಲ್ಲ. ಕಿಟ್ಟಣ್ಣ ಒಂದು ವಡೆ ತಿಂದು ಮುಗಿಸುವ ಹೊತ್ತಿಗೆ ಪರದೆ ಮರಗಟ್ಟಿ ನಿಂತಿತು. ಆರಿಸಿ ಹಾಕಿದರೆ ಮತ್ತೆ ಒಂದು ವಡೆಯಷ್ಟು ಹೊತ್ತು, ಮತ್ತೆ ಹಾಗೇ. ಕಿಟ್ಟಣ್ಣನ ಮುಖ ಅರಳತೊಡಗಿತು.

"ಎನ್ನಾಚು ಪಂಢರಿ? ನಿನ್ನ ಮಾಪಿಳ್ಳೆ ಬಂದು ಕೈಯಿಟ್ಟ ಮೇಲೆ ಪೂರಾ ನಿಂತೇ ಹೋಯ್ತೇ!"

ರಾಯರಿಗೆ ಹೊಳೆದುಬಿಟ್ಟಿತು. "ಗಂಧ! ಹಬ್ಬದ ದಿನ ದೇವರ ಗಂಧ ಒರೆಸಿದರೆ ಇನ್ನೇನಾಗತ್ತೆ? ಅಂಬುಜಾ, ಒಳಗೆ ಹಚ್ಚಿದ್ದು ನೀನೇ ತಾನೆ?"

ಅಂಬುಜಮ್ಮ ಒಂದು ಗಳಿಗೆ ಯೋಚಿಸಿದರು. ತಾವು ಆ ಡಬ್ಬಿಯನ್ನು ತೆರೆದೇ ಇಲ್ಲ ಎಂಬುದು ನೆನಪಿಗೆ ಬಂದು, ಬಂದಷ್ಟೇ ಬೇಗ ಹೊರಟುಹೋಯಿತು. "ಹಚ್ಚಿರ್ತೀನಿ, ಹಚ್ಚಿರ್ತೀನಿ. ನಾನು ಯಾವುದನ್ನ ಬಿಟ್ಟಿದೀನಿ?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರೇ ಸೇರಿದ ಮೇಲೆ ತೀರ್ಮಾನಕ್ಕೆ ತಡವೇ? ಹೊಸದಾಗಿ ಗಂಧ ತೇಯುವುದು, ಅಳಿಯಂದಿರು ನರಸಿಂಹ ಸ್ತೋತ್ರ ಹೇಳುತ್ತಾ ಅದನ್ನು ಪ್ರೊಸೆಸರಿಗೆ ಹಚ್ಚುವುದು. ಅಂಬುಜಮ್ಮ ಆಗಲೇ ಸಾಣೆಕಲ್ಲಿಗೆ ನೀರು ಚಿಮುಕಿಸಿದ್ದರು.

ನೀರು ಕಂಡೊಡನೆ ತೃಪ್ತಿ ವಡೆಯ ತಟ್ಟೆ ಕೆಳಗಿಟ್ಟಳು. ಗಂಡನ ಮಾನ ಹೋದರೆ ಹೋಗಲಿ, ತಾನು ಕೈಯಾರೆ ಕಟ್ಟಿದ ಕಂಪ್ಯೂಟರ್ ನೀರುಗಂಧ ಕುಡಿದು ಸಾಯುವುದನ್ನು ಅವಳು ನೋಡಲಾರಳು. ಅಟ್ಟದ ಮೇಲಿದ್ದ ಹಳೆಯ ಟೂಲ್ ಬಾಕ್ಸ್ ಇಳಿಸಿ, ಪೇಸ್ಟಿನ ಟ್ಯೂಬ್ ತೆಗೆದು, ಯಾರೂ ನೋಡದ ಹಾಗೆ, ಅಮ್ಮ ತೇದ ಗಂಧಕ್ಕೆ ಬದಲಾಗಿ, ಬೆಳ್ಳಿಯ ಗಂಧದ ಬಟ್ಟಲಲ್ಲಿ ಒಂದಿಷ್ಟು ಹಿಂಡಿದಳು. ಗಂಡನನ್ನು ಅಡುಗೆಮನೆಗೆ ಕರೆದು ವಿಷಯ ಹೇಳಿದಳು.

"ಒಂದು ಅಕ್ಕಿಕಾಳಿನಷ್ಟು ಇಡಿ, ಅದರ ಮೇಲೆ ಗಟ್ಟಿ ಕೂರಿಸಿ, ಸಾಕು. ಸರಿಹೋದ ಮೇಲೆ ಎಲ್ಲರ ಮುಂದೆ ನಿಜ ಹೇಳಿಬಿಡಿ. ನಾನು ಕೇಳ್ತಿರೋದು ಅಷ್ಟೆ."

"ದೇವರಾಣೆಗೂ ಹೇಳ್ತೀನಿ ಕಣೇ. ನೀನು ಕಾಪಾಡಿದೆ" ಎಂದ ಸುಜಯೀಂದ್ರ, ಕಣ್ಣಲ್ಲಿ ನೀರು ತಂದುಕೊಂಡು.

ಸ್ತೋತ್ರ ಮೊಳಗಿತು. ಬೆಳ್ಳಿ ಬಟ್ಟಲಿನ ಗಂಧ ಪ್ರೊಸೆಸರಿನ ನೆತ್ತಿಗೇರಿತು. ಕಂಪ್ಯೂಟರ್ ಶುರುವಾಯಿತು, ಊಟ ಮುಗಿದರೂ ನಿಲ್ಲಲಿಲ್ಲ, ಕಿಟ್ಟಣ್ಣನ ನಿದ್ದೆ ಮುಗಿದರೂ ನಿಲ್ಲಲಿಲ್ಲ. ಎದ್ದು ಕಾಫಿ ಹಿಡಿದ ಕಿಟ್ಟಣ್ಣ ಸೋತ ದನಿಯಲ್ಲಿ ಕೇಳಿಯೇಬಿಟ್ಟ. "ನಿಜ ಹೇಳಪ್ಪಾ, ಹೇಗೆ ಸರಿಮಾಡಿದೆ?"

ತೃಪ್ತಿ ಬಾಗಿಲ ಬಳಿ ನಿಂತಿದ್ದಳು. ಸುಜಯೀಂದ್ರ ಅವಳನ್ನು ನೋಡಿದ. ಮಾವನ ಉಬ್ಬಿದ ಎದೆ ನೋಡಿದ. ಅತ್ತೆಯ ತುಂಬಿದ ಕಣ್ಣು ನೋಡಿದ.

"ನನ್ನದೇನಿದೆ, ಎಲ್ಲ ಅತ್ತೆಯವರ ಗಂಧದ ಮಹಿಮೆ" ಎಂದ.

"ಎಷ್ಟು ವಿನಯ!" ಎಂದು ಮನೆಯೇ ಉದ್ಗರಿಸಿತು. ತೃಪ್ತಿಗೆ ಅಳು ಬರಲಿಲ್ಲ, ಅಸಹ್ಯ ಬಂತು. ರಾತ್ರಿ ಊಟದಲ್ಲಿ ಎಲ್ಲರಿಗೂ ತುಪ್ಪ ಬಡಿಸಿದವಳು ಅವನ ಎಲೆಯೊಂದನ್ನು ದಾಟಿಕೊಂಡು ಹೋದಳು.

ಮಾರನೆಯ ದಿನ, ಬಲಿಪಾಡ್ಯಮಿಯ ಬೆಳಿಗ್ಗೆ, ಮನೆಯ ಮುಂದೆ ಆಟೋ ನಿಂತಿತು. ಕಿಟ್ಟಣ್ಣ ತನ್ನ ಕಂಪ್ಯೂಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಇದ್ದದ್ದು ಕಿಟ್ಟಣ್ಣನಿಗೆ, ಹೊಟ್ಟೆಕಿಚ್ಚು.

"ಅಂಗಡಿಯೋನು ಯಾವುದೋ ಮೈಲಿಗೆ ಗಂಧ ಹಚ್ಚಿದ್ದ ಮಾಪಿಳ್ಳೆ. ನಾನೇ ಬಿಚ್ಚಿ ಸುತ್ತಮಾ, ಚೊಕ್ಕವಾಗಿ ಒರೆಸ್ಕೊಂಡು ಬಂದಿದೀನಿ. ನಿಮ್ಮ ಕೈಯಿಂದ ಮಡಿ ಗಂಧ ಆಗ್ಬಿಡಲಿ."

ಸುಜಯೀಂದ್ರ ಅಡುಗೆಮನೆಗೆ ಓಡಿದ. "ತೃಪ್ತಿ, ಆ ಟ್ಯೂಬ್ ಎಲ್ಲೇ?"

"ಯಾವ ಟ್ಯೂಬು?" ತೃಪ್ತಿ ಹಾಲಿನಲ್ಲಿದ್ದವರಿಗೆ ಕೇಳುವಂತೆ ಹೇಳಿದಳು. "ಅಮ್ಮನ ಗಂಧದ ಮಹಿಮೆ ಅಲ್ವೇ? ಸಾಣೆಕಲ್ಲು ಅಲ್ಲೇ ಇದೆ, ತೇಯಿರಿ."

ಹಾಲಿನಲ್ಲಿ ಅಂಬುಜಮ್ಮ ಆಗಲೇ ತೇಯುತ್ತಿದ್ದರು. ನುಣ್ಣಗೆ, ನೀರಾಗಿ, ಘಮಘಮ ಎನ್ನುವ ಅಪ್ಪಟ ಗಂಧ. ಬಟ್ಟಲು ತುಂಬಿತು. ಅತ್ತೆ ಅದನ್ನು ಅಳಿಯನ ಕೈಗಿಟ್ಟರು. ಬಿಚ್ಚಿದ ಪ್ರೊಸೆಸರ್ ಕಾದು ಕೂತಿತ್ತು, ಕಿಟ್ಟಣ್ಣ ಕೈಮುಗಿದು ನಿಂತಿದ್ದ. ಇನ್ನು ತಪ್ಪಿಸಿಕೊಳ್ಳಲು ದಾರಿ ಉಳಿದಿರಲಿಲ್ಲವಾದ್ದರಿಂದ ಸುಜಯೀಂದ್ರ ಕೊನೆಗೂ ಸತ್ಯಸಂಧನಾದ.

"ಮಾವ, ಇದು ನನಗೆ ಬರೋಲ್ಲ. ನಿನ್ನೆ ಸರಿಮಾಡಿದ್ದು ತೃಪ್ತಿ. ಅದು ಗಂಧ ಅಲ್ಲ, ಅವಳ ಪೇಸ್ಟು. ಈ ಕಂಪ್ಯೂಟರ್ ಕಟ್ಟಿದ್ದೂ ಅವಳೇ. ನನಗೆ ಸ್ಕ್ರೂ ಬಿಚ್ಚೋದಕ್ಕೂ ಸರಿಯಾಗಿ ಬರೋಲ್ಲ."

ತೃಪ್ತಿ ಕಾದಿದ್ದ ಮಾತು ಬಂದಿತ್ತು, ಕೇಳಿದ್ದಕ್ಕಿಂತ ಹೆಚ್ಚಾಗಿಯೇ, ಅಪ್ಪನ ಎದುರಿಗೆ, ಜೋರಾಗಿ. ಪಂಢರಿನಾಥರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೋಡಿದೆಯಾ ಕಿಟ್ಟಣ್ಣಾ? ಮಾಡಿದ್ದೆಲ್ಲ ತಾವು, ಪೇರು ಮಾತ್ರ ಹೆಂಡತಿಗೆ! ಇಂಥ ಮನಸ್ಸು ಯಾರಿಗಿದೆ ಹೇಳು. ನಿನ್ನ ಬ್ಯಾಂಕ್ ಅಳಿಯ ಒಂದು ದಿನ ಹೀಗಂದಿದಾನಾ?"

"ಇಲ್ಲಪ್ಪಾ" ಎಂದ ಕಿಟ್ಟಣ್ಣ, ಪೂರ್ತಿ ಸೋತು.

"ನಿಜವಾಗ್ಲೂ ಮಾವ..." ಎಂದ ಸುಜಯೀಂದ್ರ. ಅವನು ಹೇಳಿದಷ್ಟೂ ಅವನ ವಿನಯವೇ ಬೆಳೆಯಿತು. ನಿನ್ನೆ ಒಂದೇ ಮಾತು ಹೇಳಿದ್ದರೆ ಎದ್ದು ನಿಲ್ಲುತ್ತಿದ್ದ ಸತ್ಯ, ಇಂದು ಅವನ ಒಳ್ಳೆಯತನದ ಅಡಿಯಲ್ಲಿ ಸಿಕ್ಕಿಕೊಂಡು ಅಪ್ಪಚ್ಚಿಯಾಗಿತ್ತು.

ತೃಪ್ತಿ ಒಳಗೆ ಹೋಗಿ ಟೂಲ್ ಬಾಕ್ಸ್ ತಂದಳು. ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತಳು. ಅಮ್ಮನ ಗಂಧದ ಬಟ್ಟಲನ್ನು ದೂರ ಸರಿಸಿ, ಪ್ರೊಸೆಸರನ್ನು ಒಣಬಟ್ಟೆಯಿಂದ ಒರೆಸಿ, ಅಕ್ಕಿಕಾಳಿನಷ್ಟು ಪೇಸ್ಟ್ ಇಟ್ಟು, ಗಟ್ಟಿಯನ್ನು ಕೂರಿಸಿ, ಕ್ಲಿಪ್ ಒತ್ತಿದಳು. ಯಾರ ಮುಖವನ್ನೂ ನೋಡಲಿಲ್ಲ. ಸ್ವಿಚ್ ಹಾಕಿದಾಗ ಕಿಟ್ಟಣ್ಣನ ಕಂಪ್ಯೂಟರ್ ಎದ್ದು ಓಡಿತು.

ಎಲ್ಲರೂ ಕಣ್ಣರಳಿಸಿ ನೋಡುತ್ತಿದ್ದರು. ಮೊದಲು ಮಾತಾಡಿದವರು ಅಂಬುಜಮ್ಮ.

"ಪರವಾಯಿಲ್ಲೆಯೇ! ಒಂದೇ ದಿನದಲ್ಲಿ ಇವಳಿಗೆ ಎಷ್ಟು ಚೆನ್ನಾಗಿ ಹೇಳಿಕೊಟ್ಟುಬಿಟ್ಟಿದಾರೆ ಮಾಪಿಳ್ಳೆ!"

ರಾಯರು ಹೌದೌದು ಎಂದು ತಲೆದೂಗಿದರು. ತನ್ನ ಸೊಸೆಗೂ ಸ್ವಲ್ಪ ಹೇಳಿಕೊಡಬೇಕೆಂದು ಕಿಟ್ಟಣ್ಣ ಸುಜಯೀಂದ್ರನನ್ನು ಕೇಳಿಕೊಂಡ. ತೃಪ್ತಿ ಎದ್ದು ನಿಂತಳು. ಬೆರಳಿಗೆ ಅಂಟಿದ್ದ ಪೇಸ್ಟನ್ನು, ಅಮ್ಮ ಚಾಚಿದ ಬಟ್ಟೆಗೆ ಒರೆಸದೆ, ಗಂಡನ ಹೊಸ ಜರಿಪಂಚೆಗೆ ನಿಧಾನವಾಗಿ, ನೀಟಾಗಿ ಒರೆಸಿದಳು. ಎಷ್ಟು ಒಗೆದರೂ ಆ ಕಲೆ ಹೋಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.