ಕತ್ತರಿಯಕ್ಕನ ಪಾಲು

"ಯಾರ್ರೀ ಈ ಬಟ್ಟೆ ಹೊದಿಸಿದ್ದು? ಎಳೆ ಅಡ್ಡಕ್ಕೆ ಬಂದಿದೆ, ಕಣ್ಣು ಕಾಣಲ್ವಾ?" ಎನ್ನುತ್ತಲೇ ಕತ್ತರಿಯಕ್ಕ ಶವಪೆಟ್ಟಿಗೆಯ ಮೇಲಿನ ಬಿಳಿ ಬಟ್ಟೆಯನ್ನು ಎತ್ತಿ, ಒಮ್ಮೆ ಕೊಡವಿ, ತಿರುಗಿಸಿ ಹಾಸಿದಳು. ಬಟ್ಟೆ ಈಗ ನಾಲ್ಕೂ ಕಡೆ ನೆಟ್ಟಗೆ ಇಳಿಯಿತು. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾವಿಗೆ ಬಂದು ಹೊದಿಕೆಯಲ್ಲಿ ತಪ್ಪು ಹುಡುಕುವ ಈ ಐವತ್ತೆಂಟರ ಹೆಂಗಸು ಯಾರೆಂದು, ಸತ್ತವಳ ಗಂಡನೊಬ್ಬನನ್ನು ಬಿಟ್ಟರೆ, ಅಲ್ಲಿದ್ದ ಇನ್ನೂರು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪೆಟ್ಟಿಗೆಯೊಳಗೆ ಮಲಗಿದ್ದವಳು ಆ ಕಂಪನಿಯ ಯಜಮಾನಿ. ನರ್ಸುಗಳಿಗೆ ಸಮವಸ್ತ್ರ ಹೊಲಿಯುವ ಕಂಪನಿ. ಮೊನ್ನೆ ಮಧ್ಯಾಹ್ನ ಫೋನಿನಲ್ಲಿ ಯಾರಿಗೋ ಬುದ್ಧಿ ಹೇಳುತ್ತಾ ಕುರ್ಚಿಗೆ ಒರಗಿದವಳು ಮತ್ತೆ ಏಳಲಿಲ್ಲ. ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ, ಕೆಲಸದ ಕೋಣೆಯಲ್ಲೇ ಅವಳನ್ನು ಇಟ್ಟಿದ್ದರು. ಊರೆಲ್ಲ ಅವಳನ್ನು ಯಜಮಾನಿ ಎನ್ನುತ್ತಿತ್ತು. ಕತ್ತರಿಯಕ್ಕ ಮಾತ್ರ ಗಡಿಬಿಡಿ ಎನ್ನುತ್ತಿದ್ದಳು, ಅದೂ ಹದಿನಾರು ವರ್ಷದ ಹಿಂದೆ, ಇಬ್ಬರ ನಡುವೆ ಮಾತು ಇದ್ದಾಗ.

ಕತ್ತರಿಯಕ್ಕ ಅಳುವುದಕ್ಕೆ ಬಂದಿರಲಿಲ್ಲ. ನಾಲ್ಕು ಜನರ ಮುಂದೆ ಎದ್ದು ನಿಂತು ಎರಡೇ ಮಾತು ಹೇಳಿ ಹೋಗುವುದಕ್ಕೆ ಬಂದಿದ್ದಳು. ಜೇಬು ನನ್ನದು. ತಪ್ಪು ಅವಳದು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದು, ಬಾಗಿಲಲ್ಲೇ ಸತ್ತವಳ ಗಂಡನ ಹತ್ತಿರ "ನಾನೂ ಮಾತಾಡ್ತೀನಿ ಮೇಷ್ಟ್ರೇ" ಎಂದು ಹೇಳಿಯೂ ಇಟ್ಟಿದ್ದಳು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಆ ಮೇಷ್ಟ್ರು ತಲೆಯಾಡಿಸಿದ್ದರು.

ಮೊದಲು ಮಾತಾಡಿದವನು ಮಾರಾಟದವನು. "ನಾನು ಸೇರಿದ ಹೊಸತರಲ್ಲಿ ಯಜಮಾನಿ ಒಂದು ಮಾತು ಹೇಳಿದ್ರು. ಕತ್ತರಿ ಎತ್ತೋ ಮುಂಚೆ ಹೋಗಿ ಒಂದು ದಿನ ನಿಂತು ನೋಡು. ಹಾಕ್ಕೊಳ್ಳೋರು ಏನು ಮಾಡ್ತಾರೆ, ಎಲ್ಲಿ ಕೈ ಇಡ್ತಾರೆ ಅಂತ. ಅದೊಂದೇ ಮಾತಿನಿಂದ ನಾನು ಇವತ್ತು ಮನುಷ್ಯ ಆಗಿದೀನಿ."

"ಆಹಾ!" ಎಂದಳು ಕತ್ತರಿಯಕ್ಕ, ಸ್ವಲ್ಪ ಜೋರಾಗಿಯೇ. ಪಕ್ಕದವಳು ಅದನ್ನು ದುಃಖವೆಂದು ತಿಳಿದು ಬೆನ್ನು ಸವರಿದಳು.

*

ಕಂಪನಿ ಹುಟ್ಟುವ ಮುಂಚೆ ಗಡಿಬಿಡಿ ಆಸ್ಪತ್ರೆಯ ಉಗ್ರಾಣದಲ್ಲಿ ಗುಮಾಸ್ತೆ. ಕತ್ತರಿಯಕ್ಕ ದರ್ಜಿಯೊಬ್ಬನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು. ಒಂದು ದಿನ ಗಡಿಬಿಡಿ ಏದುಸಿರು ಬಿಡುತ್ತಾ ಬಂದಳು.

"ಕತ್ರೀ, ನರ್ಸುಗಳಿಗೆ ಒಳ್ಳೆ ಬಟ್ಟೆ ಮಾಡೋಣ. ನಲವತ್ತು ಜೊತೆ ಮಾರಿ ಬಂದಿದೀನಿ."

"ಮಾರಿ ಬಂದ್ಯಾ? ಬಟ್ಟೆ ಎಲ್ಲಿದೆ?"

"ನೀನಿದೀಯಲ್ಲ!"

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದು ಇದಕ್ಕೇ. ಬೈದುಕೊಂಡೇ ಕತ್ತರಿಯಕ್ಕ ಆಸ್ಪತ್ರೆಗೆ ಹೋದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ವಾರ್ಡಿನ ಮೂಲೆಯಲ್ಲಿ ನಿಂತಳು. ನರ್ಸುಗಳು ಪೆನ್ನನ್ನು ಕೂದಲಿಗೆ, ಕತ್ತರಿಯನ್ನು ಸೊಂಟಕ್ಕೆ, ಹತ್ತಿಯನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ವಾಪಸು ಬಂದವಳೇ ತೊಡೆಯ ಪಕ್ಕಕ್ಕೆ ಓರೆಯಾದ ಆಳದ ಜೇಬು ಬರೆದಳು, ಬಗ್ಗಿದರೂ ಒಳಗಿನದು ಬೀಳದ ಹಾಗೆ. ಗಡಿಬಿಡಿ ಆ ಜೇಬಿನ ಪ್ಯಾಂಟು ಹಾಕಿಕೊಂಡು ಕೋಣೆಯ ತುಂಬ ಕುಣಿದಳು. ಆ ಜೇಬು ಹೊತ್ತುಕೊಂಡೇ ಕಂಪನಿ ನಡೆದದ್ದು. ಬಾಗಿಲು ಬಾಗಿಲು ತಟ್ಟಿ ಮಾರಿದವಳು ಗಡಿಬಿಡಿ, ಅದು ಸುಳ್ಳಲ್ಲ. ಆದರೆ ನಿಂತು ನೋಡು ಎಂದು ಅವಳಿಗೆ ಹೇಳಿಕೊಟ್ಟವಳು ಯಾರು?

*

ಆಮೇಲೆ ಎದ್ದವಳು ಈಗಿನ ಕತ್ತರಿಸುವ ಮೇಜಿನ ಮೇಲ್ವಿಚಾರಕಿ. ಮೂವತ್ತು ದಾಟಿರಲಿಕ್ಕಿಲ್ಲ. ಕೊರಳಲ್ಲಿ ದಾರಕ್ಕೆ ಕಟ್ಟಿದ ಕತ್ತರಿ ಜೋತಾಡುತ್ತಿತ್ತು. ಕತ್ತರಿಯಕ್ಕ ಕಟ್ಟುತ್ತಿದ್ದದ್ದೂ ಹಾಗೆಯೇ. ಹೊಟ್ಟೆಯಲ್ಲಿ ಕಿಚ್ಚು ಧಗ್ಗೆಂದಿತು. ನನ್ನ ಮೇಜು, ನನ್ನ ಜಾಗ, ಕೊರಳ ದಾರವೂ ನನ್ನದೇ! ಅವಳ ಕಣ್ಣು ಹೆತ್ತ ತಾಯಿ ಸತ್ತ ಹಾಗೆ ಊದಿಕೊಂಡಿದ್ದು ಕಂಡು ಇನ್ನಷ್ಟು ಉರಿಯಿತು. ಎಷ್ಟು ಉಜ್ಜಿಕೊಂಡರೂ ಕತ್ತರಿಯಕ್ಕನ ಕಣ್ಣು ಮಾತ್ರ ಒಣಗಿಕೊಂಡೇ ಇತ್ತು.

"ಇಲ್ಲಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರ ಕೈಗೂ ಮೊದಲ ದಿನ ಯಜಮಾನಿ ಒಂದು ಪ್ಯಾಂಟು ಕೊಡ್ತಿದ್ರು," ಎಂದಳು ಮೇಲ್ವಿಚಾರಕಿ.

"ಕುಗ್ಗಿದ ಪ್ಯಾಂಟು!" ಎಂದರು ಹಿಂದಿನಿಂದ ನಾಲ್ಕೈದು ಜನ. ಅಳುವಿನ ನಡುವೆಯೇ ಒಂದು ನಗು ಹರಿದುಹೋಯಿತು.

ಕತ್ತರಿಯಕ್ಕನ ಕಿವಿ ನಿಮಿರಿತು.

*

ಕಂಪನಿಯ ಐದನೆಯ ವರ್ಷ. ಒಂದೇ ಆಸ್ಪತ್ರೆಯಿಂದ ಮುನ್ನೂರು ಜೊತೆಯ ಆರ್ಡರು. ಹೊಸ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಕುಗ್ಗುವಷ್ಟು ಕುಗ್ಗಿಸಿಯೇ ಕತ್ತರಿಸಬೇಕು. ಅದಕ್ಕೆ ಎರಡು ದಿನ.

"ಎರಡು ದಿನ ಎಲ್ಲಿಂದ ತರಲಿ ಕತ್ರೀ? ಸೋಮವಾರ ಕೊಡ್ತೀನಿ ಅಂದಿದೀನಿ. ಹಾಗೇ ಕತ್ತರಿಸು."

"ಕುಗ್ಗುತ್ತೆ ಕಣೇ."

"ಕುಗ್ಗಿದ್ರೆ ನಾನು ನೋಡ್ಕೋತೀನಿ."

ಸೋಮವಾರ ಕೊಟ್ಟರು. ಆಸ್ಪತ್ರೆಯ ಕುದಿನೀರಿನಲ್ಲಿ ಎರಡು ಒಗೆತ ಕಂಡ ಮೇಲೆ ನರ್ಸುಗಳ ಪ್ಯಾಂಟು ಕಾಲಗಂಟಿನಿಂದ ನಾಲ್ಕು ಬೆರಳು ಮೇಲೆ ನಿಂತಿತು. ಅಲ್ಲಿನ ಮೇಲಧಿಕಾರಿ ಇಬ್ಬರನ್ನೂ ಕರೆಸಿ, ಮೇಜಿನ ಮೇಲೆ ಪ್ಯಾಂಟು ಎಸೆದು, "ಯಾರು ಜವಾಬ್ದಾರಿ?" ಎಂದ.

ಗಡಿಬಿಡಿ ಒಂದು ಉಸಿರೂ ತಡೆಯಲಿಲ್ಲ. "ನಮ್ಮ ಕತ್ತರಿಸೋರಿಂದ ತಪ್ಪಾಗಿದೆ ಸಾರ್. ನಾನು ವಿಚಾರಿಸ್ಕೋತೀನಿ."

ಕತ್ತರಿಯಕ್ಕ ಅವಳ ಪಕ್ಕದಲ್ಲೇ ನಿಂತಿದ್ದಳು. ಅಲ್ಲಿಂದ ಬಂದವಳೇ ಕತ್ತರಿ ಎತ್ತಿಕೊಂಡು ಹೊರಟಳು. ಯಾರೂ ಹಿಂದೆ ಬರಲಿಲ್ಲ. ಎರಡು ಬೀದಿ ಆಚೆ ಸ್ವಂತ ಅಂಗಡಿ ಹಾಕಿದಳು. ಅದು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಇತ್ತ ಕಂಪನಿಗೆ ಮಹಡಿಯ ಮೇಲೆ ಮಹಡಿ ಎದ್ದಿತು. ಪತ್ರಿಕೆಯಲ್ಲಿ ಗಡಿಬಿಡಿಯ ಚಿತ್ರ ಬಂತು, ಹೊಸದಾಗಿ ಉದ್ಯಮ ಕಟ್ಟುವವರಿಗೆ ಅವಳ ಕಿವಿಮಾತು ಬಂತು. ಕತ್ತರಿಯಕ್ಕ ಆ ಹಾಳೆಯ ಮೇಲೇ ಅಳತೆ ಗುರುತು ಹಾಕಿ, ಪರಪರನೆ ಕತ್ತರಿಸಿ, ರವಿಕೆಯ ಮಾದರಿ ಮಾಡಿಕೊಂಡಳು.

*

"ಆ ಪ್ಯಾಂಟು ಕೈಗೆ ಕೊಟ್ಟು ಅವರು ಹೇಳ್ತಿದ್ರು," ಎಂದು ಮೇಲ್ವಿಚಾರಕಿ ಮುಂದುವರಿಸಿದಳು. "ನೆನೆಸಬೇಡ ಅಂದವಳು ನಾನು. ಕೇಳಿದಾಗ ಇನ್ನೊಬ್ಬಳ ಮೇಲೆ ಹಾಕಿದೆ. ಯಜಮಾನಿ ಆಗೋದು ಅಂದ್ರೆ ತಪ್ಪಿಗೆ ಮೊದಲು ತನ್ನ ಹೆಸರು ಹೇಳೋದು. ನಾನು ಹೇಳಲಿಲ್ಲ. ಈ ಕಂಪನಿಯಲ್ಲಿ ನನಗಿಂತ ಕೆಲಸ ಗೊತ್ತಿದ್ದವಳನ್ನ ಕಳ್ಕೊಂಡೆ. ಜೇಬೂ ಅವಳದೇ. ಬುದ್ಧಿಯೂ ಅವಳದೇ. ನೀವು ಹಾಗೆ ಮಾಡಬೇಡಿ."

"ಅವರು ಈಗ ಎಲ್ಲಿದಾರೋ ಏನೋ," ಎಂದಳು ಬೆನ್ನು ಸವರುತ್ತಿದ್ದವಳು, ಕತ್ತರಿಯಕ್ಕನ ಕಿವಿಯಲ್ಲಿ.

ಕತ್ತರಿಯಕ್ಕ ಅವಳ ಕೈ ಸರಿಸಿದಳು. ಹೇಳಬೇಕೆಂದು ಬಂದಿದ್ದ ಎರಡು ಮಾತನ್ನೂ ಸತ್ತವಳೇ ಹೇಳಿ ಮುಗಿಸಿದ್ದಳು, ಅದೂ ಹದಿನಾರು ವರ್ಷದಿಂದ, ಬಂದವರಿಗೆಲ್ಲ, ಕಸ ಗುಡಿಸುವವರಿಗೂ. ಬೇರೆ ಯಾರಾದರೂ ಆಗಿದ್ದರೆ ಮನಸ್ಸು ತಣ್ಣಗಾಗುತ್ತಿತ್ತೇನೋ. ಇವಳಿಗೆ ಉರಿ ಇಮ್ಮಡಿಯಾಯಿತು. ಜೇಬು ಹೋದಾಗಲೂ ಹೀಗೆ ಉರಿದಿರಲಿಲ್ಲ. ಆ ಮಾತು ನನಗೆ ಬರಬೇಕಾದದ್ದು. ಇನ್ನೂರು ಜನಕ್ಕೆ ಹಂಚಿದಳು, ನನಗೆ ಒಂದು ಚೂರೂ ಇಡಲಿಲ್ಲ!

"ನೀವು ಮಾತಾಡ್ತೀನಿ ಅಂದಿದ್ರಲ್ಲ," ಎಂದು ಮೇಷ್ಟ್ರು ಹತ್ತಿರ ಬಂದರು.

"ಏನು ಮಾತಾಡ್ಲಿ? ಎಲ್ಲಾ ಅವಳೇ ಆಡಿ ಮುಗಿಸಿದಾಳಲ್ಲ." ಕತ್ತರಿಯಕ್ಕ ಎರಡು ಬೆರಳು ಎತ್ತಿದಳು. "ಮೇಷ್ಟ್ರೇ, ಎರಡು ಬೀದಿ. ಎರಡೇ ಬೀದಿ. ನನಗೊಬ್ಬಳಿಗೆ ಬಂದು ಹೇಳೋಕೆ ಅವಳ ಕಾಲಿಗೇನಾಗಿತ್ತು?"

"ಬಂದಿದ್ಲು," ಎಂದರು ಮೇಷ್ಟ್ರು. "ಮೂರು ಸಲ. ನೀವು ತಲೆ ಬಗ್ಗಿಸಿ ಕತ್ತರಿಸ್ತಿದ್ರಂತೆ. ಕತ್ತರಿ ಓಡ್ತಿರುವಾಗ ಮಾತಾಡಿಸಿದ್ರೆ ನಿಮಗೆ ಆಗಲ್ಲ ಅಂತ ಹಾಗೇ ತಿರುಗಿ ಬಂದ್ಲು."

"ನೆಪ! ಬರೀ ನೆಪ!" ಎಂದಳು ಕತ್ತರಿಯಕ್ಕ. ಆದರೆ ಅಂಗಡಿಯ ಬಾಗಿಲಿಗೆ ನೆರಳು ಬಿದ್ದಾಗ, ಯಾರೆಂದು ಗೊತ್ತಾದ ಮೇಲೂ, ತಾನು ಇನ್ನೊಂದು ಮಡಿಕೆ ಬಟ್ಟೆ ಎಳೆದುಕೊಂಡು ಕತ್ತರಿಸಿದ್ದು ಅವಳಿಗೆ ನೆನಪಿತ್ತು. 

ಪೆಟ್ಟಿಗೆಯನ್ನು ಹೊರಗೆ ತಂದು ಗಾಡಿಗೆ ಏರಿಸಿದರು. ಮೇಷ್ಟ್ರು ಚಾಲಕನ ಪಕ್ಕ ಕೂತರು. ಹಿಂದೆ ಪೆಟ್ಟಿಗೆಯ ಬಲಕ್ಕೆ ಒಬ್ಬರು ಕೂರುವಷ್ಟು ಜಾಗ. ಮೇಲ್ವಿಚಾರಕಿ ಕಣ್ಣೊರಸಿಕೊಳ್ಳುತ್ತಾ ಹತ್ತಿ ಅಲ್ಲಿ ಕೂತಳು. ಕತ್ತರಿಯಕ್ಕ ಜನರನ್ನು ಸೀಳಿಕೊಂಡು ಬಂದು ಗಾಡಿಯ ಬಾಗಿಲು ಹಿಡಿದಳು.

"ಏಳಮ್ಮ."

"ನೀವು ಯಾರು?"

"ಕುಗ್ಗುತ್ತೆ ಅಂದವಳು."

ಹುಡುಗಿಯ ಕೈ ಬಾಯಿಗೆ ಹೋಯಿತು. ತಕ್ಷಣ ಇಳಿದಳು. ಇಳಿದವಳು ಕತ್ತರಿಯಕ್ಕನ ತೋಳು ಹಿಡಿದು ಹತ್ತಿಸಿ, ಬಾಗಿಲು ಹಾಕಿದಳು.

ಗಾಡಿ ಹೊರಟಿತು. ಮೊದಲ ತಿರುವಿನಲ್ಲಿ ಪೆಟ್ಟಿಗೆ ಜರುಗಿತು. ಕತ್ತರಿಯಕ್ಕ ಎಡಗೈ ಚಾಚಿ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದಳು.

"ಅಲ್ಲ ಕಣೇ ಗಡಿಬಿಡಿ," ಎಂದು ಶುರು ಮಾಡಿದಳು. "ಇನ್ನೂರು ಜನಕ್ಕೆ ಹೇಳೋಕೆ ಬಾಯಿತ್ತು, ಅಲ್ವಾ? ಕತ್ತರಿ ಓಡ್ತಿತ್ತಂತೆ! ಕೂಗಿದ್ರೆ ನಿಲ್ತಿರಲಿಲ್ವಾ? ಒಂದು ಸಲ, ಒಂದೇ ಒಂದು ಸಲ ಕತ್ರೀ ಅಂತ ಕೂಗಿದ್ರೆ..."

ಮುಂದೆ ಕೂತಿದ್ದ ಚಾಲಕ ಗಾಬರಿಯಾಗಿ ತಿರುಗಿ ನೋಡಿದ.

"ನೀನು ರಸ್ತೆ ನೋಡಪ್ಪಾ," ಎಂದು ಗದರಿದಳು. "ಇದು ಪಾಲುದಾರರ ವಿಷಯ. ಸ್ವಲ್ಪ ನಿಧಾನಕ್ಕೆ ಓಡಿಸು, ಇನ್ನೂ ಹದಿನಾರು ವರ್ಷದ್ದು ಬಾಕಿ ಇದೆ."

ಹಿಂದಿನ ಬಸ್ಸಿನಲ್ಲಿ ಬರುತ್ತಿದ್ದವರಿಗೆ ಗಾಡಿಯ ಗಾಜಿನಲ್ಲಿ ಅವಳ ಬಲಗೈ ಮಾತ್ರ ಕಾಣುತ್ತಿತ್ತು, ಬೆರಳೆತ್ತಿ, ಪೆಟ್ಟಿಗೆಯ ಕಡೆಗೆ ಬೀಸಿ ಬೀಸಿ, ಬೈಯುತ್ತಲೇ ಇತ್ತು.