ಡಿಕ್ಕಿಯೊಳಗಿನ ಫರಸಿ ಕಲ್ಲು

ಶಹಾಬಾದಿನ ಹಳೇ ಗಾಡಿ ಸಂಘದಲ್ಲಿ ಸದಸ್ಯರು ಹನ್ನೊಂದು ಮಂದಿ, ಹೆಂಗಸರೆಂದರೆ ನಿವೃತ್ತ ವಿಜ್ಞಾನ ಟೀಚರ್ ವಿಮಲಾಬಾಯಿ ಒಬ್ಬರೇ. ಅವರು ಓಡಿಸುವುದು ತೀರಿಹೋದ ಗಂಡ ಬಸವಲಿಂಗಪ್ಪನವರ ಸ್ಕೂಟರು. ಅದರ ಡಿಕ್ಕಿಯಲ್ಲಿ ಎರಡು ಬೆರಳು ದಪ್ಪದ ಒಂದು ಫರಸಿ ಕಲ್ಲು, ಮನೆಯ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು. ನಮ್ಮ ಕಡೆಯ ಎರೆ ಮಣ್ಣು ಸ್ವಲ್ಪ ಹಸಿಯಾದರೆ ಸಾಕು, ಸ್ಟ್ಯಾಂಡು ನುಂಗಿ ಗಾಡಿಯನ್ನು ಮಲಗಿಸಿಬಿಡುತ್ತದೆ. ಅದಕ್ಕೇ ಸಂಘದವರೆಲ್ಲ ಸ್ಟ್ಯಾಂಡಿನ ಕೆಳಗಿಡಲು ಒಂದೊಂದು ಕಲ್ಲು ಹೊತ್ತು ತಿರುಗುವವರೇ. ವಿಮಲಾಬಾಯಿಯ ಕಲ್ಲನ್ನು ಬಸವಲಿಂಗಪ್ಪನವರು ಸ್ಕೂಟರು ಕೊಂಡ ದಿನವೇ ಆರಿಸಿ, ಮೂಲೆಗಳನ್ನು ತಾವೇ ಉಜ್ಜಿ ದುಂಡಗೆ ಮಾಡಿದ್ದರು.

ಆ ಭಾನುವಾರ ಸವಾರಿ ಹೊರಟದ್ದು ಚಂದ್ರಂಪಳ್ಳಿಯ ಆಚೆ, ಗುಡ್ಡದ ನೆತ್ತಿಯ ಖಗೋಳ ವೀಕ್ಷಣಾಲಯಕ್ಕೆ. ಹಗಲಲ್ಲಿ ಅಲ್ಲಿ ಸೂರ್ಯನ ಕಲೆಗಳನ್ನು ತೋರಿಸುತ್ತಾರೆ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಸೂರ್ಯನನ್ನೂ ಅವನ ಕಲೆಗಳನ್ನೂ ಬರೆದ ವಿಮಲಾಬಾಯಿ, ಒಂದು ಕಲೆಯನ್ನೂ ಕಣ್ಣಾರೆ ಕಂಡವರಲ್ಲ. "ನೀವು ನೋಡೀರೇನ್ರಿ ಟೀಚರ್?" ಎಂದು ಮಕ್ಕಳು ಕೇಳಿದಾಗೆಲ್ಲ ಸುಮ್ಮನೆ ಪುಟ ತಿರುವಿದ್ದರು. ಆ ನಾಚಿಕೆ ಇನ್ನೂ ಹೋಗಿರಲಿಲ್ಲ. ಇವತ್ತು ನೋಡಲೇಬೇಕು.

ಗುಡ್ಡದ ಬುಡದಲ್ಲಿ ಅಧ್ಯಕ್ಷ ಮಡಿವಾಳಯ್ಯ ಕೈ ಎತ್ತಿದರು. ಅಧ್ಯಕ್ಷರಾದ ಮೇಲೆ ಅವರು ಜನ ಉಸಿರಾಡುವುದಕ್ಕೂ ಸೂಚನೆ ಕೊಡುತ್ತಾರೆ.

"ಏರು ಭಾಳ ಅದ. ಎಲ್ಲಾರೂ ಕಲ್ಲು ಇಲ್ಲೇ ಇಳಸ್ರಿ. ಬರೂಮುಂದ ತಗೊಳ್ಳೂಣು."

ಹತ್ತು ಕಲ್ಲು ಬೇವಿನ ಮರದಡಿ ಕೂತವು.

"ಟೀಚರಮ್ಮ, ನಿಮ್ಮ ಗಾಡಿ ಏರಂಗಿಲ್ಲ ನೋಡ್ರಿ," ಎಂದರು ಮಡಿವಾಳಯ್ಯ.

"ಏರಲಿಲ್ಲಂದ್ರ ನೂಕ್ತೀನಿ. ಕಲ್ಲು ಮಾತ್ರ ಇಳಸಂಗಿಲ್ಲ," ಎಂದರು ವಿಮಲಾಬಾಯಿ.

ನೂಕಿದರು ಕೂಡ, ಎರಡು ತಿರುವಿನಲ್ಲಿ. ಕೈಜೋಡಿಸಿದವರು ಮೆಕ್ಯಾನಿಕ್ ಬಾಬುಮಿಯಾ. ಗ್ಯಾರೇಜು ಹಾಕುವ ಮುಂಚೆ ಅವರು ಇಪ್ಪತ್ತು ವರ್ಷ ಗಣಿಯಲ್ಲಿ ಫರಸಿ ಸೀಳಿದವರು.

ನೆತ್ತಿಯ ಮೇಲೆ, ವೀಕ್ಷಣಾಲಯದ ಹುಡುಗಿ ಮಹೆವಿಶ ಅಂಗಳದಲ್ಲಿ, ಬಿಸಿಲು ತಡೆಯುವ ಗಾಜು ಹಾಕಿದ ಮೂರು ಕಾಲಿನ ದೂರದರ್ಶಕದ ಜೊತೆ ಪೇಚಾಡುತ್ತಿದ್ದಳು. ಹಿಂದಿನ ದಿನದ ಮಳೆಗೆ ನೆಲ ಮೆತ್ತಗಾಗಿತ್ತು. ಸೂರ್ಯ ಸಿಕ್ಕ ಎನ್ನುವಷ್ಟರಲ್ಲಿ ಒಂದು ಕಾಲು ಕುಸಿದು, ಅವನು ಜಾರಿಹೋಗುತ್ತಿದ್ದ. ಗುಡ್ಡದ ಕಲ್ಲುಗಳೆಲ್ಲ ಉರುಟು, ಕೆಳಗಿಟ್ಟರೆ ಅಲುಗಾಡುತ್ತಿದ್ದವು. ಪಶ್ಚಿಮದಿಂದ ಮೋಡ ಬೇರೆ ಏರಿ ಬರುತ್ತಿತ್ತು.

"ಚಪ್ಪಟೆ ಕಲ್ಲು ಮೂರು ಇದ್ದಿದ್ರ ಸಾಕಿತ್ರಿ," ಎಂದಳು.

ಎಲ್ಲರೂ ಮಡಿವಾಳಯ್ಯನವರ ಮುಖ ನೋಡಿದರು. ಅವರು ಮೋಡ ನೋಡಿದರು.

ವಿಮಲಾಬಾಯಿ ಡಿಕ್ಕಿ ತೆಗೆದು ಕಲ್ಲನ್ನು ಹೊರಗೆ ತಂದರು. ಬಾಬುಮಿಯಾ ಅದರ ಅಂಚಿನ ಮೇಲೆ ಬೆರಳಾಡಿಸಿದರು.

"ಪದರಿನ ಮ್ಯಾಲ ಸೀಳಿದ್ರ ಮೂರಾಗ್ತದ. ಒಡದ್ರ ಚೂರಾಗ್ತದ. ನಿಮ್ಮ ಸಾಹೇಬ್ರ ಕೈಯಾಗಿನ ಕಲ್ಲು, ನೀವ ಹೇಳ್ರಿ."

ವಿಮಲಾಬಾಯಿ ಕಲ್ಲಿನ ದುಂಡಗಿನ ಮೂಲೆಯೊಂದನ್ನು ಸವರಿದರು. ಮೋಡ ಇನ್ನೇನು ಬಂತು.

"ಹೊಡೀರಿ, ಬಾಬು ಭಾಯಿ."

ಸ್ಕ್ರೂಡ್ರೈವರಿನ ಮೊನೆಯಿಟ್ಟು ಬಾಬುಮಿಯಾ ಸುತ್ತಿಗೆಯಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತ ಹೋದರು. ಒಮ್ಮೆ ಟಕ್ಕೆಂದಿತು, ಇನ್ನೊಮ್ಮೆ ಟಕ್ಕೆಂದಿತು. ಒಂದರ ಮೇಲೊಂದಿದ್ದ ರೊಟ್ಟಿ ಎತ್ತಿದ ಹಾಗೆ ಮೂರು ಹಾಳೆ ಬಿಡಿಸಿಟ್ಟರು. ಮೂರರ ಮೂಲೆಗಳೂ ದುಂಡಗೇ ಇದ್ದವು. ವಿಮಲಾಬಾಯಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮೂರು ಹಾಳೆಗಳ ಮೇಲೆ ದೂರದರ್ಶಕದ ಕಾಲುಗಳು ಗಟ್ಟಿಯಾಗಿ ನಿಂತವು. ಸೂರ್ಯನೂ ನಿಂತ. ವಿಮಲಾಬಾಯಿ ಕಣ್ಣಿಟ್ಟು ಅವನ ಕಲೆಗಳನ್ನು ನೋಡಿದರು.

"ಅಯ್ಯ, ನಾ ಬೋರ್ಡಿನ ಮ್ಯಾಲ ಬದನಿಕಾಯಿಯಷ್ಟು ಬರದೀನಲ್ಲ! ಇವು ಎಳ್ಳಿನಷ್ಟು ಅದಾವ!"

"ನೋಡಿದ್ರೇನ್ರಿ ಟೀಚರ್?" ಎಂದಳು ಮಹೆವಿಶ.

"ನೋಡೀನವಾ," ಎಂದರು ವಿಮಲಾಬಾಯಿ. ಕಣ್ಣೀರಿನಲ್ಲಿ ಸೂರ್ಯ ಕಲಸಿಹೋದ.

ಹೊರಡುವಾಗ ಮಹೆವಿಶ ಮೂರೂ ಕಲ್ಲು ತೊಳೆದು ತಂದಳು. ವಿಮಲಾಬಾಯಿ ತೆಗೆದುಕೊಳ್ಳಲಿಲ್ಲ. "ಇಲ್ಲೇ ಇರಲಿ. ಶಾಲಿ ಮಕ್ಕಳು ಬರ್ತಾರ."

ಚಿಂಚೋಳಿಯ ಹತ್ತಿರ ಚಹಾ ಅಂಗಡಿಯ ಮುಂದೆ ಮತ್ತೆ ಅದೇ ಹಸಿ ಮಣ್ಣು. ವಿಮಲಾಬಾಯಿ ಸ್ಕೂಟರು ಹಿಡಿದುಕೊಂಡೇ ನಿಂತರು. ಮಡಿವಾಳಯ್ಯ ಏನೂ ಸೂಚನೆ ಕೊಡದೆ ಬಂದು, ಬೇವಿನಡಿಯಿಂದ ಮರಳಿ ತಂದಿದ್ದ ತಮ್ಮ ಕಲ್ಲನ್ನು ಅವರ ಸ್ಟ್ಯಾಂಡಿನ ಕೆಳಗೆ ಇಟ್ಟರು. ಆಮೇಲೆ ಒಂದು ಕೈಯಲ್ಲಿ ತಮ್ಮ ಗಾಡಿ, ಇನ್ನೊಂದು ಕೈಯಲ್ಲಿ ಕಪ್ಪು ಹಿಡಿದು ನಿಂತೇ ಚಹಾ ಕುಡಿದರು.